ಹಗ್ಗ ಸುತ್ತಿದ ಕೈ

ಆ ಹಾಳೆ ಈಗ ಗಾಜಿನ ಹಿಂದೆ ಇದೆ. ಕೆಳಗೊಂದು ಹಿತ್ತಾಳೆಯ ಫಲಕ: ‘ಸ್ವತಂತ್ರ ಕುದುರೆ. ಕಾಗದದ ಮೇಲೆ ಇದ್ದಿಲು.’ ಮುಂಗಾಲೆತ್ತಿ ನಿಂತ ಕುದುರೆ. ಜೂಲು ಹಾರುತ್ತಿದೆ. ಕಣ್ಣುಗುಡ್ಡೆ ಹೊರಕ್ಕೆ ಬಂದಿದೆ. ಮೂಗಿನ ಹೊಳ್ಳೆ ಒಂದು ಮುಷ್ಟಿ ಹಿಡಿಸುವಷ್ಟು ಅಗಲ. ಗದ್ದದ ಕೆಳಗಿನಿಂದ ಒಂದು ಕಪ್ಪು ಗೀಟು ಇಳಿದು ಬರುತ್ತದೆ. ಅದರ ತುದಿಯಲ್ಲಿ ದಪ್ಪನೆಯದೇನೋ ನೇತಾಡುತ್ತದೆ. ಅದೇನು ಎಂಬ ಬಗ್ಗೆ ತಿಳಿದವರಲ್ಲಿ ಜಗಳವಿದೆ. ಒಬ್ಬರು ಮರದ ಬೇರು ಅಂದರು. ಇನ್ನೊಬ್ಬರು ನೆರಳು ಅಂದರು. ಮೂರನೆಯವರು, ಬಹಳ ಓದಿಕೊಂಡವರು, ಅದು ಕಲಾವಿದನ ಅಂತರಂಗದ ಭಾರ ಎಂದು ಬರೆದು, ಅದರ ಮೇಲೆ ಭಾಷಣವನ್ನೂ ಮಾಡಿ ಹಾರ ಹಾಕಿಸಿಕೊಂಡರು.

ಅದು ಓನೆಸೀಮನ ಬಲಗೈ.

ಓನೆಸೀಮ್ ಪ್ಯಾರಿಸ್ಸಿನ ಊರಾಚೆ, ಮೋಂಫೋಕೋಂ ದಿಬ್ಬದ ಮೇಲಿನ ಕುದುರೆ ಕಡಿಯುವ ಅಂಗಳದಲ್ಲಿ ಆಳು. ಗಾಡಿ ಎಳೆದು, ಕಲ್ಲು ಸಾಗಿಸಿ, ಸೈನ್ಯದ ಫಿರಂಗಿ ಜಗ್ಗಿ ಸೋತ ಕುದುರೆಗಳೆಲ್ಲ ಕೊನೆಗೆ ಬರುತ್ತಿದ್ದುದು ಅಲ್ಲಿಗೆ. ಅವನ್ನು ಕೊಲ್ಲುವುದು ಅವನ ಕೆಲಸ. ಅವನ ಹೆಂಡತಿ ಯೂಲಾಲಿ ಅದೇ ಅಂಗಳದಲ್ಲಿ ಜೂಲು, ಬಾಲ ಕತ್ತರಿಸುತ್ತಿದ್ದಳು. ಮೊದಲು ಕೂದಲು, ಆಮೇಲೆ ಜೀವ. ಅದು ಅಲ್ಲಿಯ ಕ್ರಮ. ರಕ್ತ ಹತ್ತಿದ ಕೂದಲನ್ನು ಕುರ್ಚಿಗೆ ಮೆತ್ತೆ ಹಾಕುವವರು ಕೊಳ್ಳುವುದಿಲ್ಲ. ಯೂಲಾಲಿಯ ಕತ್ತರಿ ಆಡಿದ ಮೇಲೆ ಕುದುರೆ ಸತ್ತ ಲೆಕ್ಕ. ಸತ್ತದ್ದಕ್ಕೆ ಯಾರು ಹುಲ್ಲು ಹಾಕುತ್ತಾರೆ, ಯಾರು ನೀರು ತೋರಿಸುತ್ತಾರೆ? ಸರದಿ ಬರುವವರೆಗೆ ಅವು ಬೋಳು ಕತ್ತನ್ನು ಇಳಿಬಿಟ್ಟು ನಿಂತಿರುತ್ತಿದ್ದವು. ಪಕ್ಕದಲ್ಲಿ ಇನ್ನೂ ಕತ್ತರಿ ಕಾಣದ ಕುದುರೆಯಿದ್ದರೆ ಅದರ ಬಾಲವನ್ನು ಅಗಿಯುತ್ತಿದ್ದವು.

ಹಾಗಾಗಿ ಆ ಅಂಗಳದಲ್ಲಿ ಕುದುರೆಗೆ ಹೆದರುವವರು ಯಾರೂ ಇರಲಿಲ್ಲ. ಬೇರೆ ಕಡೆ ಕುದುರೆ ಹಿಡಿದವನು ಹಗ್ಗವನ್ನು ಕೈಗೆ ಸುತ್ತಿಕೊಳ್ಳುವುದಿಲ್ಲ. ಎಳೆದುಕೊಂಡು ಹೋದರೆ ಎಂಬ ಭಯ ಇರುತ್ತದೆ. ಇಲ್ಲಿ ಸುತ್ತಿಕೊಳ್ಳಲೇಬೇಕು. ಇಲ್ಲಿಯ ಕುದುರೆ ಎಳೆಯುವುದಿಲ್ಲ, ಕುಸಿಯುತ್ತದೆ. ಕುಸಿದದ್ದನ್ನು ಮತ್ತೆ ಎಬ್ಬಿಸುವುದು ಕೊಲ್ಲುವುದಕ್ಕಿಂತ ಕಷ್ಟ. ಓನೆಸೀಮ್ ಹಗ್ಗವನ್ನು ಮುಂಗೈಗೆ ಬಿಗಿಯಾಗಿ ಸುತ್ತಿ, ಮೈಭಾರವನ್ನೆಲ್ಲ ಅದರ ಮೇಲೆ ಹಾಕಿ ನಿಲ್ಲುತ್ತಿದ್ದ. ಅವನ ಅಪ್ಪ ಹಾಗೆಯೇ ನಿಂತಿದ್ದ.

ಬ್ರೆಡ್ಡು ತುಟ್ಟಿಯಾದ ವರ್ಷ ಅಂಗಳಕ್ಕೆ ಚಿತ್ರಗಾರ ಕಾರ್ದೊನೆ ಬಂದ. ಒಳ್ಳೆಯ ಮನುಷ್ಯ. ಎಲ್ಲರಿಗೂ ನಮಸ್ಕಾರ ಹೇಳಿಯೇ ಮೂಗಿಗೆ ಅತ್ತರಿನ ಕರವಸ್ತ್ರ ಹಿಡಿಯುತ್ತಿದ್ದ. ಅರಮನೆಯ ಒಂದು ಗೋಡೆಗೆ ದೊಡ್ಡ ಯುದ್ಧದ ಚಿತ್ರ ಬರೆಯಬೇಕಿತ್ತಂತೆ. ಅದರ ನಡುವೆ ಒಂದು ಕುದುರೆ. ಸವಾರನನ್ನು ಕೆಡವಿ, ಹಗ್ಗ ಹರಿದು, ಯಾರ ಅಂಕೆಗೂ ಸಿಗದ ಕುದುರೆ.

ಮೊದಮೊದಲು ಅವನು ಸತ್ತ ಕುದುರೆಗಳನ್ನೇ ಬರೆದ. ಓನೆಸೀಮ್ ಮತ್ತು ಅವನ ಜೊತೆಗಾರ ಗಾಸ್ಪಾರ್ ಹೆಣಕ್ಕೆ ಹಗ್ಗ ಕಟ್ಟಿ ರಾಟೆಯಲ್ಲಿ ಮೇಲೆಳೆದು, ಮುಂಗಾಲು ಎತ್ತಿ ಕಟ್ಟಿ, ಕತ್ತನ್ನು ಹೆಗಲಿನಿಂದ ಒತ್ತಿ ಹಿಡಿದು ಬಿಸಿಲಲ್ಲಿ ನಿಲ್ಲುತ್ತಿದ್ದರು. ಚಿತ್ರದಲ್ಲಿ ರಾಟೆ ಬರುತ್ತಿರಲಿಲ್ಲ. ಹೆಗಲೂ ಬರುತ್ತಿರಲಿಲ್ಲ. ಕುದುರೆ ಮಾತ್ರ ಗಾಳಿಯಲ್ಲಿ ನೆಗೆಯುತ್ತಿತ್ತು.

“ಜೀವ ಬರ್ತಾ ಇಲ್ಲ,” ಎಂದು ಕಾರ್ದೊನೆ ತಲೆ ಕೊಡವುತ್ತಿದ್ದ.

“ಮೂರು ದಿನದ ಹೆಣ ಸ್ವಾಮಿ,” ಎಂದ ಗಾಸ್ಪಾರ್, ಹೆಣದ ಗದ್ದದಡಿಯಿಂದ. “ಇದ್ರಲ್ಲಿ ಜೀವ ಇರೋದು ನಂದೊಂದೇ. ಅದೂ ಈಗೀಗ ಹೋಗಂಗದೆ.”

ಎಲ್ಲರೂ ನಕ್ಕರು. ಕಾರ್ದೊನೆಯೂ ನಕ್ಕ. ನಕ್ಕು, ಬ್ರೆಡ್ಡು ತೆಗೆದ.

ಇದ್ದಿಲಿನ ಗೀಟು ಅಳಿಸಲು ಬ್ರೆಡ್ಡು ಬೇಕು. ಅದೂ ಅಂದಿನ ಬಿಳಿ ಬ್ರೆಡ್ಡು. ಅದನ್ನು ಮುರಿದು, ಒಳಗಿನ ಮೆತ್ತನೆಯ ತಿರುಳನ್ನು ತೋಡಿ, ಬೆರಳಲ್ಲಿ ನಾದಿ ಉಂಡೆ ಮಾಡಿ ಕಾಗದದ ಮೇಲೆ ಒತ್ತಿದರೆ ಕಪ್ಪು ಎದ್ದು ಬರುತ್ತದೆ. ಕಪ್ಪಾದ ಉಂಡೆಯನ್ನು ಅವನು ಕೆಳಗೆ ಎಸೆಯುತ್ತಿದ್ದ. ಇಲಿಗಳು ಒಯ್ಯುತ್ತಿದ್ದವು. ಉಳಿದ ಹೊರಸಿಪ್ಪೆ ಆಳುಗಳಿಗೆ.

“ನೋಡ್ರೋ, ಎಂಥ ದೊಡ್ಡ ಮನಸ್ಸು,” ಎನ್ನುತ್ತಿದ್ದ ಅಂಗಳದ ಧಣಿ ಲಬ್ರೂಸ್.

ಆ ವರ್ಷ ಅವರು ತಿನ್ನುತ್ತಿದ್ದುದು ಹೊಟ್ಟು, ಅವರೆ ಹಿಟ್ಟು ಬೆರೆಸಿದ ಕರಿ ಬ್ರೆಡ್ಡು. ಅದೂ ದಿನಾ ಇಲ್ಲ. ಬಿಳಿ ಬ್ರೆಡ್ಡಿನ ಸಿಪ್ಪೆಯನ್ನು ಓನೆಸೀಮ್ ಬೆಲ್ಲದ ಹಾಗೆ ದವಡೆಯಲ್ಲಿಟ್ಟುಕೊಂಡು ಕರಗಿಸುತ್ತಿದ್ದ. “ಸಿಪ್ಪೆನೇ ಇಂಗಾದ್ರೆ ಒಳಗಿಂದು ಎಂಗಿರ್ತದೋ,” ಎಂದು ಒಮ್ಮೆ ಹೆಂಡತಿಗೆ ಹೇಳಿದ್ದ. “ಒಂದಿನ ತಿಂದು ನೋಡ್ಬೇಕು ಕಣಮ್ಮಿ.”

“ಇಲಿಯಾಗಿ ಹುಟ್ಟು,” ಎಂದಿದ್ದಳು ಯೂಲಾಲಿ.

ಬ್ರೆಡ್ಡು ತರುವ ಕೆಲಸ ಅವಳದೇ. ಸುಂಕದ ಗೇಟಿನ ಹತ್ತಿರದ ಬೇಕರಿಯವಳು ಅಂಗಳದ ಜನರನ್ನು ಒಳಗೆ ಬಿಡುತ್ತಿರಲಿಲ್ಲ. ವಾಸನೆ. ಹಿಂದಿನ ಕಿಟಕಿಯ ಹತ್ತಿರ ನಿಲ್ಲಬೇಕು. ಯೂಲಾಲಿ ಬಟ್ಟೆ ಒಡ್ಡಬೇಕು, ಬೇಕರಿಯವಳು ಮೇಲಿಂದ ಬ್ರೆಡ್ಡು ಹಾಕಬೇಕು. ಕಾರ್ದೊನೆಯೂ ಹೇಳಿದ್ದ: “ಬಟ್ಟೆಯಲ್ಲೇ ಸುತ್ತಿಕೊಂಡು ಬಾ ತಾಯಿ. ಮುಟ್ಟಬೇಡ. ತಪ್ಪು ತಿಳ್ಕೋಬೇಡ, ನಿನ್ನ ಕೈಯ ಜಿಡ್ಡು ತಿರುಳಿಗೆ ತಗುಲಿದರೆ ಕಾಗದ ಹಾಳಾಗುತ್ತೆ.”

ಅವಳು ತಪ್ಪು ತಿಳಿದುಕೊಳ್ಳಲಿಲ್ಲ. ಇದ್ದಿಲು ಹರಡದ ಹಾಗೆ ಆ ಕಾಗದಕ್ಕೆ ಹಚ್ಚಿದ ಅಂಟು ಇದೇ ಅಂಗಳದ ಹಂಡೆಯಲ್ಲಿ ತೊಗಲಿನ ಚೂರು ಕುದಿಸಿ ತೆಗೆದದ್ದು. ಆ ಹಂಡೆ ಕಲಕಿ ಅವಳ ಅವ್ವ ಕಣ್ಣು ಕಳೆದುಕೊಂಡಿದ್ದಳು. ಆ ಕಾಗದದ ತುಂಬ ಅವಳ ವಂಶದ ಜಿಡ್ಡೇ ಇತ್ತು. ಆದರೆ ಅದು ಒಣಗಿದ ಜಿಡ್ಡು. ವಾಸನೆ ಬರುತ್ತಿರಲಿಲ್ಲ.

ಸತ್ತ ಕುದುರೆ ಸಾಕಾದ ಮೇಲೆ ಕಾರ್ದೊನೆಯ ಕಣ್ಣು ಒಂದು ಕರಿಯ ಕುದುರೆಯ ಮೇಲೆ ಬಿತ್ತು. ಸೈನ್ಯದಿಂದ ತಳ್ಳಿಸಿಕೊಂಡು ಬಂದದ್ದು. ಕೆಮ್ಮುತ್ತಿತ್ತು. ಯೂಲಾಲಿ ಕತ್ತರಿ ಎತ್ತಿದಾಗ ಅವನು ಓಡಿ ಬಂದು ಅವಳ ಕೈ ತಡೆದ. “ಜೂಲು ಬೇಕು, ಜೂಲು ಬೇಕು!” ಅಂದ. ಧಣಿಯ ಜೊತೆ ಏನೋ ಮಾತಾಡಿ ಅದನ್ನು ಹಿಡಿಸಿಕೊಂಡು ಹೋದ. ಅದನ್ನು ತನ್ನ ಲಾಯದಲ್ಲಿ ಕಟ್ಟಿ, ಓಟ್ಸು ತಿನ್ನಿಸಿ, ಮೈ ತಿಕ್ಕಿಸಿ ಇಟ್ಟುಕೊಂಡ. ಇದು ಧಣಿಗೆ ಗೊತ್ತಿತ್ತು. ಆಳುಗಳಿಗೆ ಹೇಳಬೇಕೆಂದು ಯಾರಿಗೂ ಅನ್ನಿಸಲಿಲ್ಲ.

ಕೆಲವು ದಿನ ಬಿಟ್ಟು ಕುದುರೆ ವಾಪಸು ಬಂತು. ಕಣ್ಣಿಗೆ ಬಟ್ಟೆ ಕಟ್ಟಿತ್ತು. ಸುಮ್ಮನೆ ನಿಂತಿತ್ತು. ಅಂಗಳದ ಕುದುರೆಗಳು ನಿಲ್ಲುವ ಹಾಗೆಯೇ.

“ನೀನು ಹಗ್ಗ ಹಿಡಿ,” ಎಂದ ಕಾರ್ದೊನೆ ಓನೆಸೀಮನಿಗೆ. “ಗಾಸ್ಪಾರ್, ನಾನು ಹೇಳಿದಾಗ ಕಣ್ಣಿನ ಬಟ್ಟೆ ಕಿತ್ತು ಮುಖದ ಹತ್ತಿರ ಚಾಟಿ ಬೀಸು. ಅದು ಎದ್ದು ನಿಲ್ಲಬೇಕು. ಭಯ ಕಾಣಬೇಕು.”

ಓನೆಸೀಮ್ ಹಗ್ಗ ತೆಗೆದುಕೊಂಡ. ಸುತ್ತಿಕೊಂಡ. ಆಮೇಲೆ, ಎಂದೂ ಕೇಳದವನು, ಕೇಳಿದ: “ಸ್ವಾಮಿ, ಈ ಸಲ ನಾನೂ ಬತ್ತೀನಾ ಅದ್ರಲ್ಲಿ?”

“ಬರ್ತೀಯ ಬರ್ತೀಯ. ನೆಟ್ಟಗೆ ನಿಲ್ಲು.”

ಓನೆಸೀಮ್ ಎಡಗೈಗೆ ಉಗುಳು ಹಚ್ಚಿ ತಲೆಗೂದಲು ನೇವರಿಸಿಕೊಂಡ. “ನೋಡಮ್ಮಿ,” ಎಂದು ಹೆಂಡತಿಯ ಕಡೆ ತಿರುಗಿ ಹಲ್ಲು ಬಿಟ್ಟ. “ಅರಮನೆ ಗ್ವಾಡೆ ಮ್ಯಾಲೆ ನಿನ್ ಗಂಡ.”

ಯೂಲಾಲಿ ನಗಲು ಹೊರಟವಳು ನೆಲ ನೋಡಿದಳು. ಕುದುರೆಯ ಹಿಂದೆ ಲದ್ದಿ ಬಿದ್ದಿತ್ತು. ಹೊಸ ಲದ್ದಿ, ಹಬೆಯಾಡುತ್ತಿತ್ತು. ಅದರಲ್ಲಿ ಕಾಳಿನ ಸಿಪ್ಪೆ. ಆ ಅಂಗಳದಲ್ಲಿ ಯಾವ ಕುದುರೆಯೂ ಲದ್ದಿ ಹಾಕುವುದಿಲ್ಲ. ಹಾಕಲು ಹೊಟ್ಟೆಯಲ್ಲಿ ಏನಾದರೂ ಇರಬೇಕು. ಅವಳಿಗೆ ಒಂದು ಗಳಿಗೆ ಅರ್ಥವಾಗಲಿಲ್ಲ. ಅರ್ಥವಾದಾಗ, “ಬುಡು ಹಗ್ಗ, ಬುಡು, ಉಂಡದೆ ಅದು—” ಎಂದು ಕೂಗಿದಳು.

ಚಾಟಿ ಬೀಸಿಯಾಗಿತ್ತು.

ಹೊಟ್ಟೆ ತುಂಬಿದ ಕುದುರೆ ಎಂದರೇನೆಂದು ಓನೆಸೀಮ್ ತನ್ನ ಆಯುಷ್ಯದಲ್ಲಿ ಕಂಡಿರಲಿಲ್ಲ. ಅದು ಎದ್ದಿತು. ಅವನೂ ಎದ್ದ. ಕಾಲು ನೆಲ ಬಿಟ್ಟವು. ಹಗ್ಗ ಬಿಗಿದು ಮುಂಗೈ ತಿರುಚಿತು. ಭುಜದಲ್ಲಿ ಏನೋ ಸೌದೆ ಮುರಿದ ಹಾಗೆ ಕೇಳಿಸಿತು. ಕುದುರೆ ಇಳಿಯಿತು, ಮತ್ತೆ ಎದ್ದಿತು. ಅವನು ಅರಚುತ್ತಿದ್ದ. ಸುತ್ತಿದ್ದು ಬಿಚ್ಚಲಿಲ್ಲ. ಅದು ಬಿಚ್ಚದ ಹಾಗೆ ಸುತ್ತುವ ಸುತ್ತು.

“ಹಾಗೇ! ಹಾಗೇ ಹಿಡಿ!” ಎಂದು ಕಾರ್ದೊನೆ ಕೂಗುತ್ತಿದ್ದ. ಅವನ ಇದ್ದಿಲು ಕಾಗದದ ಮೇಲೆ ಕಿರ್ರೆನ್ನುತ್ತಿತ್ತು. ಅವನು ಕೆಟ್ಟವನಾಗಿ ಹಾಗೆ ಕೂಗಿದನೆಂದಲ್ಲ. ಅವನು ಕುದುರೆಯನ್ನು ಮಾತ್ರ ನೋಡುತ್ತಿದ್ದ. ಅವನ ಕೈ ಮಾತ್ರ ಕಂಡದ್ದನ್ನೆಲ್ಲ ಬರೆಯಿತು.

ಯೂಲಾಲಿ ಕತ್ತರಿ ಹಿಡಿದು ಕುದುರೆಯ ಕಾಲಡಿಗೆ ನುಗ್ಗಿದಳು. ಕೂದಲು ಕತ್ತರಿಸುವ ಕತ್ತರಿ ಅದು. ಸೆಣಬಿನ ಹಗ್ಗಕ್ಕೆ ಅಲ್ಲ. ಕಚ್ಚಿತು, ಜಾರಿತು, ಕಚ್ಚಿತು. ಹಗ್ಗ ತುಂಡಾಗುವ ಹೊತ್ತಿಗೆ ಕೈ ಕೈಯಾಗಿ ಉಳಿದಿರಲಿಲ್ಲ. ಆಸ್ಪತ್ರೆಯಲ್ಲಿ ಮೊಣಕೈಯ ಮೇಲಕ್ಕೆ ಕೊಯ್ದರು. ವಾರದ ಮೇಲೆ ಹಾಸಿಗೆ ಬೇರೆಯವರಿಗೆ ಬೇಕೆಂದು ಮನೆಗೆ ಕಳಿಸಿದರು.

ಧಣಿ ಲಬ್ರೂಸ್ ಠಾಣೆಗೆ ಹೇಳಿಕೆ ಕೊಟ್ಟಿದ್ದ: ಆಳು ಕುಡಿದಿದ್ದ. ತಾನಾಗಿ ಕುದುರೆಯ ಹತ್ತಿರ ಹೋದ. ಚಿತ್ರ ಗಿತ್ರ ಏನೂ ನಡೆದಿರಲಿಲ್ಲ. ಠಾಣೆಯ ಸಾಹೇಬ ಮಧ್ಯಾಹ್ನ ಬಂದು ಜಾಗ ನೋಡಿ ಕಡತ ಮುಚ್ಚುತ್ತೇನೆ ಎಂದಿದ್ದ.

ಸಾಹೇಬ ಬರಬೇಕಿದ್ದ ದಿನ ಬೆಳಿಗ್ಗೆ ಯೂಲಾಲಿ ಎಂದಿನಂತೆ ಕೆಲಸಕ್ಕೆ ಬಂದಳು. ಬರದೆ ಏನು ಮಾಡುವುದು? ಕಾರ್ದೊನೆ ಮುಕ್ಕಾಲಿಯ ಮೇಲೆ ಹಾಳೆ ಇಟ್ಟುಕೊಂಡು ಕೂತಿದ್ದ. ಅವಳು ಮೊದಲ ಸಲ ನೋಡಿದಳು. ಕುದುರೆ ಇತ್ತು. ಹಗ್ಗ ಇತ್ತು. ಹಗ್ಗದ ತುದಿಯಲ್ಲಿ ಗಂಡನ ಕೈ ಇತ್ತು, ಮುಷ್ಟಿಯಿಂದ ಭುಜದವರೆಗೆ. ಭುಜದಿಂದಾಚೆಗೆ ಕಾಗದ ಮುಗಿದಿತ್ತು. ಮುಷ್ಟಿಯ ಮೇಲೆ ಹಗ್ಗದ ಸುತ್ತುಗಳು ಒಂದೊಂದೂ ಕಾಣುತ್ತಿದ್ದವು. ಆಸ್ಪತ್ರೆಯವರು ಆ ಕೈಯನ್ನು ಏನು ಮಾಡಿದರೆಂದು ಅವಳಿಗೆ ಗೊತ್ತಿರಲಿಲ್ಲ. ಇಲ್ಲಿ ಅದು ಇತ್ತು.

“ಅರಮನೆಯವರಿಗೆ ತೋರಿಸಬೇಕು,” ಎನ್ನುತ್ತಿದ್ದ ಕಾರ್ದೊನೆ ಧಣಿಗೆ. “ಸ್ವತಂತ್ರ ಕುದುರೆ ಅಂತ ಹೇಳಿ, ಕೈ ಇಟ್ಟುಕೊಂಡು ತೋರಿಸೋದು ಹೇಗೆ?”

“ಸಾಹೇಬ್ರು ಬರೋದ್ರೊಳಗೆ ಅಳಿಸಿಬಿಡಿ,” ಎಂದ ಧಣಿ. ಯೂಲಾಲಿಯ ಕಡೆ ತಿರುಗಿ, “ಏಯ್, ಬ್ರೆಡ್ಡು ತಗೊಂಬಾ. ಬಿಸೀದು.”

ಅವಳು ಹೋದಳು. ಹಿಂದಿನ ಕಿಟಕಿಯಲ್ಲಿ ನಿಂತಳು. ಬಟ್ಟೆ ಒಡ್ಡಿದಳು. ದಿಬ್ಬ ಹತ್ತಿ ವಾಪಸು ಬಂದಳು. ಬ್ರೆಡ್ಡಿನ ಬಿಸಿ ಬಟ್ಟೆ ದಾಟಿ ಹೊಟ್ಟೆಗೆ ತಾಗುತ್ತಿತ್ತು. ಅಂಗಳದ ನಡುವೆ ಮಗುಚಿಟ್ಟ ತೊಟ್ಟಿಯ ಮೇಲೆ ಕೂತಳು. ಬಟ್ಟೆ ಬಿಚ್ಚಿದಳು. ಬ್ರೆಡ್ಡನ್ನು ಬರಿಗೈಯಲ್ಲಿ ಹಿಡಿದು ಮುರಿದಳು.

“ಮುಟ್ಟಬೇಡ ಅಂದಿದ್ದೆನಲ್ಲ ತಾಯಿ,” ಎಂದ ಕಾರ್ದೊನೆ.

ಅವಳು ತಿರುಳು ತೋಡಿ ಬಾಯಿಗೆ ಹಾಕಿಕೊಂಡಳು.

“ಏನೇ ಅದು?” ಧಣಿ ಎದ್ದು ನಿಂತ.

“ತಿಂತಾವ್ನಿ.”

“ಅದು ಕೆಲಸದ ಬ್ರೆಡ್ಡು ಕಣೇ!”

“ನಾನೂ ಕೆಲಸದೋಳೇ ಧಣಿ.”

ಅಗಿದಳು. ನುಂಗಿದಳು. ಮತ್ತೆ ತೋಡಿದಳು. ಅವಸರ ಮಾಡಲಿಲ್ಲ. ಧಣಿ ಕಿತ್ತುಕೊಳ್ಳಲು ಹತ್ತಿರ ಬಂದ. ಅವಳ ತೊಡೆಯ ಮೇಲೆ ಕತ್ತರಿ ಇತ್ತು. ಅವಳು ಅದನ್ನು ಎತ್ತಲಿಲ್ಲ, ನೋಡಲೂ ಇಲ್ಲ. ಅವನು ನೋಡಿ ನಿಂತ.

ಕಾರ್ದೊನೆ ಮೆತ್ತಗೆ ಹೇಳಿದ: “ನೋಡು ತಾಯಿ, ನಿನ್ನ ದುಃಖ ನನಗೆ ಅರ್ಥವಾಗುತ್ತೆ. ಆದರೆ ಇದು ಕಲೆ. ಈ ಕುದುರೆ ನೂರಾರು ವರ್ಷ ಇರುತ್ತೆ. ಅದರಲ್ಲಿ ಒಂದು ಕೈ ಯಾಕೆ ಹೇಳು?”

“ನೀವೇ ಬರದ್ರಿ.”

“ಗೊತ್ತಾಗದೆ ಬರೆದೆ.”

“ಗೊತ್ತಾದ್ಮ್ಯಾಲೆ ಅಳುಸ್ತೀರಿ.” ಅವಳ ಬಾಯಿ ತುಂಬಿತ್ತು. “ಆ ಕೈಯ ಅಲ್ಲಿ ಕೊಯ್ದಾಯ್ತು. ಇಲ್ಲೂ ಕೊಯ್ಯೋಕೆ ನನ್ ಕೈಲೇ ಬ್ರೆಡ್ಡು ತರುಸ್ತೀರಾ? ತರಾಕಿಲ್ಲ. ತಂದಿದ್ದ ತಿಂದೆ. ಇನ್ನು ಎಷ್ಟು ತಂದ್ರೂ ತಿಂತೀನಿ.”

ಧಣಿ ಗಾಸ್ಪಾರನ ಕೈಗೆ ಕಾಸು ಹಾಕಿ ಓಡಿಸಿದ. ಗಾಸ್ಪಾರ್ ಹೋದವನು ಬರುವುದು ಬಹಳ ತಡವಾಯಿತು. ಬಂದಾಗ ಬ್ರೆಡ್ಡನ್ನು ಎರಡೂ ಕೈಯಲ್ಲಿ ದೇವರ ಪ್ರಸಾದದ ಹಾಗೆ ಹಿಡಿದಿದ್ದ. ಕಾರ್ದೊನೆ ಆತುರದಿಂದ ಅದನ್ನು ಮುರಿದ. ಒಳಗೆ ಏನೂ ಇರಲಿಲ್ಲ. ತೋಡಿಟ್ಟ ಟೊಳ್ಳು.

“ತಿರುಳೆಲ್ಲೋ?”

“ದಿನಾ ತಿರುಳು ನಿಮ್ಗೆ, ಸಿಪ್ಪೆ ನಮ್ಗೆ,” ಎಂದ ಗಾಸ್ಪಾರ್. ಅವನು ತಮಾಷೆ ಮಾಡುವವನು. ಆದರೆ ಆಗ ಅವನು ನಗುತ್ತಿರಲಿಲ್ಲ. “ಇವತ್ತೊಂದಿನ ಅದ್ಲುಬದ್ಲು ಸ್ವಾಮಿ. ಚಾಟಿ ಬೀಸಿದ್ದು ಈ ಕೈಯಿ. ಅಳ್ಸೋಕೂ ಇದೇ ಕೈ ಬತ್ತದಾ?”

ಧಣಿ ಅವನ ಕೆನ್ನೆಗೆ ಬಾರಿಸಿದ. ಮೂಳೆ ಸುಡುವ ಒಲೆಯ ಹತ್ತಿರದವರು, ಹಂಡೆ ಕಲಕುವ ಹೆಂಗಸರು ಕೆಲಸ ನಿಲ್ಲಿಸಿ ನೋಡುತ್ತಿದ್ದರು. ಧಣಿ ಅವರಲ್ಲಿ ಒಬ್ಬಳಿಗೆ ಬೊಟ್ಟು ಮಾಡಿ, “ನೀ ಹೋಗೇ ಬೇಕರಿಗೆ,” ಎಂದ. ಅವಳು ಹಂಡೆಗೆ ಮುಖ ತಿರುಗಿಸಿದಳು. ಇನ್ನೊಬ್ಬನನ್ನು ಕರೆದ. ಅವನಿಗೆ ಕಿವಿ ಕೇಳಿಸಲಿಲ್ಲ. ಆ ಅಂಗಳದಲ್ಲಿ ಅಷ್ಟೊಂದು ಜನ ಕಿವುಡರಿದ್ದಾರೆಂದು ಅವತ್ತಿನವರೆಗೆ ಯಾರಿಗೂ ಗೊತ್ತಿರಲಿಲ್ಲ. ಧಣಿ ತಾನೇ ಹೋಗಬಹುದಿತ್ತು. ಆದರೆ ಧಣಿಗಳು ಬೇಕರಿಗೆ ಹೋಗುವುದಿಲ್ಲ.

ಕಾರ್ದೊನೆ ಸಿಪ್ಪೆಯಿಂದಲೇ ಉಜ್ಜಿದ. ಅದು ಗೀಚಿತು. ಮೊಣಕೈಯ ಹತ್ತಿರ ಕಾಗದ ತರಿಯಾಯಿತು, ಭುಜ ಹರಡಿ ಮಸಿಯಾಯಿತು. ಮುಷ್ಟಿ ಮಾತ್ರ ಅಲ್ಲಾಡಲಿಲ್ಲ. ಅಲ್ಲಿ ಅವನು ಇದ್ದಿಲನ್ನು ಬಲವಾಗಿ ಒತ್ತಿದ್ದ.

ಅಷ್ಟರಲ್ಲಿ ಠಾಣೆಯ ಸಾಹೇಬ ಬಂದ. ಮೂಗು ಹಿಡಿದುಕೊಂಡು ಅಂಗಳ ನೋಡಿದ. ಹಾಳೆಯ ಮುಂದೆ ನಿಂತ. ಧಣಿ ಬೆವತ. ಯೂಲಾಲಿ ಎದ್ದು ನಿಂತಳು. ಹಗ್ಗ ಇತ್ತು, ಸುತ್ತು ಇತ್ತು, ಕೈ ಇತ್ತು. ಕಣ್ಣಿದ್ದವನಿಗೆ ಇನ್ನೇನು ಬೇಕು?

“ಆಹಾ!” ಎಂದ ಸಾಹೇಬ. “ಆ ಜೂಲು ನೋಡಿ! ಗಾಳಿಯೇ ಬಂದು ಕೂತಿದೆ.” ಮತ್ತೆ ಕೊಂಚ ಬಾಗಿ, “ಇದೇನು ಕೆಳಗೆ, ಕಪ್ಪಗೆ?”

ಕಾರ್ದೊನೆ ಬೆರಳಿನ ಮಸಿಯನ್ನು ಕರವಸ್ತ್ರಕ್ಕೆ ಒರೆಸಿಕೊಂಡ. ಅವನು ಕೆಟ್ಟ ಮನುಷ್ಯನಲ್ಲ, ಅದಕ್ಕೇ ಒಂದು ಕ್ಷಣ ಬೇಕಾಯಿತು. “ನೆರಳು,” ಎಂದ.

“ಅದು ನನ್ ಗಂಡನ ಕೈ,” ಎಂದಳು ಯೂಲಾಲಿ.

ಸಾಹೇಬ ಅವಳನ್ನು ನೋಡಿದ. ತುಟಿಯ ಮೇಲೆ ಬಿಳಿ ಚೂರು, ಮೈತುಂಬ ಕುದುರೆಯ ಕೂದಲು. ಮತ್ತೆ ಹಾಳೆ ನೋಡಿದ. “ನೆರಳು,” ಎಂದ ಅವನೂ. “ತುಂಬ ಆಳವಾದ ನೆರಳು.” ಕಡತ ಮುಚ್ಚಿತು.

ಧಣಿ ನಾಳೆಯಿಂದ ಬರಬೇಡ ಎಂದ. ಅವಳು ಕತ್ತರಿ ಒರೆಸಿ ಸೊಂಟಕ್ಕೆ ಸಿಕ್ಕಿಸಿಕೊಂಡು ದಿಬ್ಬ ಇಳಿದಳು. ಅದು ಅವಳ ಸ್ವಂತ ಕತ್ತರಿ. ಗಾಸ್ಪಾರ್ ಹಿಂದಿನಿಂದ ಓಡಿ ಬಂದ. ಅಂಗಿಯೊಳಗಿನಿಂದ ಟೋಪಿ ತೆಗೆದು ಕೊಟ್ಟ. ಟೋಪಿಯ ತುಂಬ ಬಿಳಿ ತಿರುಳು.

“ಅಣ್ಣನ್ಗೆ,” ಎಂದ. “ನಾನು ಒಂದು ಚೂರೂ ತಿಂದಿಲ್ಲ ಅಕ್ಕ.”

ಓನೆಸೀಮ್ ಆ ವಾರ ದಾಟಲಿಲ್ಲ. ಆದರೆ ಆ ಸಂಜೆ ಅವನಿಗೆ ಪ್ರಜ್ಞೆ ಇತ್ತು. ಹುಲ್ಲಿನ ಹಾಸಿಗೆಯ ಮೇಲೆ ಗೋಡೆಗೊರಗಿ ಕೂತಿದ್ದ. ಜ್ವರಕ್ಕೆ ಅವನ ಕಣ್ಣು ಆ ಕುದುರೆಯ ಕಣ್ಣಿನ ಹಾಗೆಯೇ ಹೊಳೆಯುತ್ತಿತ್ತು.

“ನೋಡ್ದಾ ಅದ್ನ?” ಎಂದು ಕೇಳಿದ. “ನಾನಿದ್ದೀನಾ ಅದ್ರಲ್ಲಿ?”

“ಇದ್ದೀಯ.”

“ಪೂರ್ತಿನಾ?”

“ಕೈ ಅದೆ. ಬಲಗೈ.”

ಅವನು ಮೊಂಡು ತೋಳಿಗೆ ಸುತ್ತಿದ ಬಟ್ಟೆಯ ಕಡೆ ನೋಡಿಕೊಂಡ. “ಅಷ್ಟಾದ್ರೂ ಇರ್ಲಿ ಬುಡು,” ಎಂದ. ಯೂಲಾಲಿ ಟೋಪಿ ಮುಂದಿಟ್ಟು ಒಂದು ಚೂರು ತಿರುಳು ಮುರಿದು ಬಾಯಿಗಿಟ್ಟಳು. ಏನದು ಎಂದು ಕೇಳಿದಾಗ ಎಲ್ಲ ಹೇಳಿದಳು. ಅವನು ಅಗಿಯಲಿಲ್ಲ. ಅಗಿಯುವ ಅಗತ್ಯವೇ ಬೀಳಲಿಲ್ಲ. ಅದು ನಾಲಿಗೆಯ ಮೇಲೆ ತಾನಾಗಿ ಕರಗಿತು. ಅವನು ನಾಲಿಗೆಯನ್ನು ಅಂಗುಳಕ್ಕೆ ಒತ್ತಿ ನೋಡಿಕೊಂಡ.

“ಇಷ್ಟು ಮೆತ್ತಗಿರೋದ್ರಲ್ಲಾ,” ಎಂದ ಕೊನೆಗೆ, “ಇವ್ರು ನಮ್ಮನ್ನ ಅಳುಸ್ತಿದ್ದದ್ದು?”